ಹೊಳೆ ದಾಟುವುದು ಎಲ್ಲಿ?

ರಜೆಗೆ ಉಡುಪಿ ಬಳಿಯ ಬ್ರಹ್ಮಾವರಕ್ಕೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ನಿಮ್ಮ ಹಾಲೆಂಡಿನಲ್ಲಿ ಸೈಕಲ್ಲಿಗೆ ಬೇರೆಯೇ ರಸ್ತೆ ಉಂಟಂತಲ್ಲ?” ಉಂಟು. ಕೆಂಪು ಡಾಂಬರಿನದ್ದು, ಕಾರು ಬಾರದ್ದು. “ನಮ್ಮಲ್ಲಿ ಅದೆಲ್ಲ ಆಗುವ ಮಾತಲ್ಲ ಮಾರಾಯ್ರೆ” ಎಂದು ಅವರೇ ಮಾತು ಮುಗಿಸಿಬಿಡುತ್ತಾರೆ. ಲೈಡನ್‌ನಲ್ಲಿ ಇಷ್ಟು ವರ್ಷ ಸೈಕಲ್ ತುಳಿದ ಮೇಲೆ ನನ್ನ ತಕರಾರು ಬೇರೆ ಕಡೆಗಿದೆ. ಕೆಂಪು ರಸ್ತೆ ಇಲ್ಲದಿದ್ದರೂ ನಮ್ಮ ಕರಾವಳಿಯಲ್ಲಿ ಚೆಂದವಾಗಿ ಸೈಕಲ್ ಹೊಡೆಯಬಹುದು. ಹೆದ್ದಾರಿ ಹತ್ತದೆ ಹೊಳೆ ದಾಟುವುದಕ್ಕೆ ಒಂದು ದಾರಿ ಬೇಕು, ಅಷ್ಟೆ.

ಇಲ್ಲಿ ನಾನು ಭಾನುವಾರ ಹೋಗುವ ಸುತ್ತು ಹೀಗೆ. ಲೈಡನ್‌ನಿಂದ ಹಳೆ ರೈನ್ ನದಿಯ ದಡ ಹಿಡಿದು ಪಡುವಣಕ್ಕೆ ಹೋದರೆ ಕಾಟ್‌ವೈಕ್ ಕಡಲತೀರ. ಅಲ್ಲಿಂದ ತೆಂಕಕ್ಕೆ ಬರ್ಕ್‌ಹೈಡೆ, ಮೈಯೆಂಡೆಲ್ ಎಂಬ ಮರಳುದಿಬ್ಬಗಳ ಪ್ರದೇಶ. ಆಮೇಲೆ ವಾಸೆನಾರ್ ಊರೊಳಗಿಂದ ಹಾಯ್ದು ವಾಪಸು. ಎಲ್ಲ ಸೇರಿ 40 ಕಿಲೋಮೀಟರಿನ ಆಸುಪಾಸು. ಏರು ಏನಿದ್ದರೂ ದಿಬ್ಬಗಳಲ್ಲಿ ಮಾತ್ರ, ಅದೂ ಗೇರ್ ಇಳಿಸುವಷ್ಟರಲ್ಲಿ ಮುಗಿದಿರುತ್ತದೆ. ಜೀವ ತಿನ್ನುವುದು ಗಾಳಿ. ನೈಋತ್ಯದಿಂದ ಬೀಸುವ ದಿನ ದಿಬ್ಬಗಳ ನಡುವೆ ಎಷ್ಟು ತುಳಿದರೂ ಮುಂದೆ ಸಾಗದು. ಬರುವಾಗ ಅದೇ ಗಾಳಿ ಬೆನ್ನಿಗೆ ಸಿಕ್ಕಿ ದೂಡುತ್ತದೆ.

ನದಿಯ ಹೆಸರು ದೊಡ್ಡದು, ನೀರು ಸ್ವಲ್ಪ. ರೈನ್‌ನ ಮುಖ್ಯ ಹರಿವು ಶತಮಾನಗಳ ಹಿಂದೆಯೇ ತೆಂಕಣ ಕವಲುಗಳಿಗೆ ತಿರುಗಿದೆ. ರೋಮನ್ನರ ಕಾಲದಲ್ಲಿ ಈ ದಡವೇ ಸಾಮ್ರಾಜ್ಯದ ಗಡಿ. ಆ ಗಡಿಯ ಕೋಟೆಗಳ ಸಾಲು 2021ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಮಧ್ಯಯುಗದಲ್ಲಿ ಅಳಿವೆಗೆ ಮರಳು ತುಂಬಿ ನದಿಯ ಬಾಯಿಯೇ ಮುಚ್ಚಿಹೋಗಿತ್ತು. 1807ರಲ್ಲಿ ಕಾಟ್‌ವೈಕ್‌ನಲ್ಲಿ ಕಾಲುವೆ ತೋಡಿ, ತೂಬಿನ ಬಾಗಿಲು ಕಟ್ಟಿ ನೀರನ್ನು ಮತ್ತೆ ಕಡಲಿಗೆ ಬಿಟ್ಟರು. ಈಗ ಅಲ್ಲಿ ಪಂಪುಗಳೂ ಇವೆ. ನಮ್ಮೂರ ಕಡೆಯ ಕೋಡಿ ಬೆಂಗ್ರೆಯಲ್ಲಿ ಸ್ವರ್ಣಾ, ಸೀತಾ ಹೊಳೆಗಳೆರಡೂ ಕೂಡಿ ಕಡಲಿಗೆ ನುಗ್ಗುವುದನ್ನು ನೋಡಿದ ಕಣ್ಣಿಗೆ ಇದು ಸಪ್ಪೆ. ತಿನ್ನುವ ವಿಷಯದಲ್ಲೂ ಅಷ್ಟೆ: ಕಾಟ್‌ವೈಕ್‌ನ ಗಾಡಿಯಲ್ಲಿ ಹೆಚ್ಚಿದ ಈರುಳ್ಳಿ ಉದುರಿಸಿ ಕೊಡುವ ಉಪ್ಪುಹಾಕಿದ ಹೆರಿಂಗ್ ಮೀನನ್ನು ನಾನು ಇಷ್ಟಪಟ್ಟೇ ತಿನ್ನುತ್ತೇನೆ, ಆದರೆ ಬಂಗುಡೆ ಪುಳಿಮುಂಚಿ ಉಂಡ ನಾಲಿಗೆಗೆ ಅದೊಂದು ಸಮಾಧಾನ ಮಾತ್ರ. ಮರಳುದಿಬ್ಬ ಹೊಕ್ಕ ಮೇಲೆ ಬಹಳ ದೂರ ಅದೂ ಇಲ್ಲ. ಎರಡು ಕಿಲೋಮೀಟರಿಗೊಂದು ಗೂಡಂಗಡಿ, ಬನ್ಸು, ಎಳನೀರು ಇರುವ ನಾಡಿನವನಿಗೆ ಇದು ಸಣ್ಣ ಶಿಕ್ಷೆಯಲ್ಲ.

ಇಷ್ಟಾದರೂ ಈ ಸುತ್ತಿನಲ್ಲಿ ಒಂದು ಗುಣವಿದೆ. ಎಷ್ಟು ಸಲ ನೀರು ದಾಟಿದೆ ಎಂಬುದೇ ಗೊತ್ತಾಗುವುದಿಲ್ಲ. ನದಿ, ಕಾಲುವೆ, ಗದ್ದೆಯ ತೋಡು, ಎಲ್ಲಕ್ಕೂ ಒಂದು ಕಿರುಸೇತುವೆ. ಕೆಲವನ್ನು ದೋಣಿ ಬಂದಾಗ ಎತ್ತುತ್ತಾರೆ. ಗಂಟೆ ಬಾರಿಸುತ್ತದೆ, ಕೆಂಪು ದೀಪ ಮಿನುಗುತ್ತದೆ, ಒಂದು ಕಾಲು ನೆಲಕ್ಕೂರಿ ಎಲ್ಲರೂ ಕಾಯುತ್ತಾರೆ. ಸೇತುವೆ ಇಲ್ಲದ ಕಡೆ ದೋಣಿ. ದೇಶದ ಕೆಲವೆಡೆ ಸರಪಳಿಯನ್ನು ನಾವೇ ಕೈಯಾರೆ ಎಳೆದು ಆಚೆ ದಡ ಸೇರುವ ಚಪ್ಪಟೆ ದೋಣಿಗಳೂ ಇವೆ, ನಡೆಸಲು ಒಬ್ಬ ಆಳೂ ಬೇಡ. ಎ44 ಹೆದ್ದಾರಿ ಎದುರಾದರೆ ಅದರ ಕೆಳಗೋ ಮೇಲೋ ನುಸುಳಿ ಹೋಗುತ್ತೇವೆ. ಅದರ ಮೇಲೆ ಸೈಕಲ್ ಹತ್ತಿಸುವ ಪ್ರಸಂಗವೇ ಇಲ್ಲ.

ಇನ್ನೊಂದು, ಸಂಖ್ಯೆಯ ಫಲಕಗಳು. ಸೈಕಲ್ ದಾರಿಗಳು ಕೂಡುವ ಜಾಗಕ್ಕೆಲ್ಲ ಒಂದೊಂದು ಸಂಖ್ಯೆ. ಒಂದರಿಂದ ಮುಂದಿನದಕ್ಕೆ ಬಾಣದ ಗುರುತು, ಕೂಡುವಲ್ಲಿ ಒಂದು ನಕ್ಷೆ. ಹೊರಡುವ ಮುಂಚೆ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಹ್ಯಾಂಡಲ್ಲಿಗೆ ಅಂಟಿಸಿಕೊಂಡರೆ ಫೋನ್ ತೆಗೆಯುವುದೇ ಬೇಡ. ಇದನ್ನು ಯೋಚಿಸಿದವರು ಪಕ್ಕದ ಬೆಲ್ಜಿಯಂನ ಹ್ಯೂಗೊ ಬೊಲ್ಲೆನ್ ಎಂಬ ಗಣಿ ಎಂಜಿನಿಯರ್. ಗಣಿಯ ಸುರಂಗಗಳಲ್ಲಿ ಕವಲಿಗೊಂದು ಸಂಖ್ಯೆ ಹಾಕುವ ಪದ್ಧತಿಯನ್ನು ಅವರು ನೆಲದ ಮೇಲೆ ತಂದರು. ಮೊದಲ ಜಾಲ 1995ರಲ್ಲಿ ಅಲ್ಲಿನ ಲಿಂಬುರ್ಗ್ ಪ್ರಾಂತ್ಯದಲ್ಲಿ ಆಯಿತು. ಹೊಸ ರಸ್ತೆ ಬೇಕಾಗಲಿಲ್ಲ, ಇದ್ದ ಸಣ್ಣ ರಸ್ತೆಗಳಿಗೆ ಫಲಕ ನೆಟ್ಟರು. ಡಚ್ಚರು ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಕಾರು ನುಗ್ಗದಂತೆ ಸೈಕಲ್ ದಾರಿಯ ನಟ್ಟನಡುವೆ ಕಂಬ ನೆಡುವ ಚಾಳಿ ಇವರಿಗಿದೆ. ಗುಂಪಿನಲ್ಲಿ ವೇಗವಾಗಿ ಹೋಗುವಾಗ ಮುಂದಿನವನು ಕೂಗಿ ಎಚ್ಚರಿಸದಿದ್ದರೆ ಹಿಂದಿನವನ ಗತಿ ಅಷ್ಟೆ.

ಈಗ ನಮ್ಮಲ್ಲಿಗೆ ಬನ್ನಿ. ಸಂತೆಕಟ್ಟೆಯಿಂದ ಕೆಮ್ಮಣ್ಣು, ಹೂಡೆ, ಕೋಡಿ ಬೆಂಗ್ರೆ. ಒಂದು ಬದಿಗೆ ಸ್ವರ್ಣಾ, ಇನ್ನೊಂದು ಬದಿಗೆ ಕಡಲು, ನಡುವೆ ತೆಂಗಿನ ನೆರಳಿನ ಕಿರಿದಾದ ರಸ್ತೆ. ಬೆಳಿಗ್ಗೆ ಅಲ್ಲಿ ಸೈಕಲ್ ಹೊಡೆಯಲು ಯಾವ ಪ್ರತ್ಯೇಕ ಪಥವೂ ಬೇಡ. ತೊಡಕು ಶುರುವಾಗುವುದು ರಸ್ತೆ ಮುಗಿಯುವಲ್ಲಿ. ಹಂಗಾರಕಟ್ಟೆ ಎದುರಿಗೇ ಕಾಣುತ್ತದೆ. ಬಾರ್ಜೋ ದೋಣಿಯೋ ಸಿಕ್ಕಿದರೆ ಸರಿ, ಸೈಕಲ್ ಹತ್ತಿಸಿಕೊಂಡು ಆಚೆ ಇಳಿದು ಬಾರಕೂರಿನ ಕಡೆಗೆ ಹೋಗಬಹುದು. ಸಿಗದಿದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ ಬಂದು, ರಾಷ್ಟ್ರೀಯ ಹೆದ್ದಾರಿ 66 ಹತ್ತಿ, ಸ್ವರ್ಣಾ ಸೇತುವೆ, ಬ್ರಹ್ಮಾವರ, ಮಾಬುಕಳದ ಸೇತುವೆ ದಾಟಿ ಸುತ್ತಬೇಕು: 20 ಕಿಲೋಮೀಟರಿಗೂ ಮಿಕ್ಕಿ. ಮೀನಿನ ಲಾರಿ, ಮುಂಬಯಿ ಬಸ್ಸು, ಎದುರಿನಿಂದ ಬರುವ ಸ್ಕೂಟರು, ಎಲ್ಲವೂ ಆ ಸೇತುವೆಗಳ ಮೇಲೆಯೇ. ಪೂರ್ವಕ್ಕೆ ಒಳನಾಡಿಗೆ ಹೋದರೆ ಬೇರೆ ಸೇತುವೆ ಸಿಗುತ್ತದೆ ನಿಜ, ಆದರೆ ಅಷ್ಟು ಹೊತ್ತಿಗೆ ಕಡಲು ಕೈಬಿಟ್ಟಿರುತ್ತದೆ. ಕರಾವಳಿಯ ಉದ್ದಕ್ಕೂ ಕಥೆ ಇದೇ. ಊರಿನ ರಸ್ತೆಗಳೆಲ್ಲ ಹೊಳೆಯ ತನಕ ಬಂದು ನಿಲ್ಲುತ್ತವೆ, ದಾಟುವ ಹಕ್ಕು ಹೆದ್ದಾರಿಗೆ ಮಾತ್ರ.

ಕಿರುಸೇತುವೆ ನಮಗೇನೂ ಹೊಸದಲ್ಲ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಪಯಸ್ವಿನಿಯ ಮೇಲೆ ಅರಂಬೂರಿನಲ್ಲಿ ತೂಗುಸೇತುವೆ ಕಟ್ಟಿ, ಮುಂದೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕೆಮ್ಮಣ್ಣಿನಿಂದ ತಿಮ್ಮಣ್ಣಕುದ್ರು ಎಂಬ ನಡುಗಡ್ಡೆಗೆ ಹೋಗುವ ತೂಗುಸೇತುವೆಯ ಮೇಲೆ ಜನ ಇವತ್ತಿಗೂ ಫೋಟೊ ತೆಗೆಸಿಕೊಳ್ಳುತ್ತಾರೆ. ಅಳಿವೆಯ ಬಾಯಿಗೆ ತೂಗುಸೇತುವೆ ಹೊಂದುವುದಿಲ್ಲ, ಅಲ್ಲಿ ವೇಳೆಗೆ ಸರಿಯಾಗಿ ಬಿಡುವ ದೋಣಿಯೇ ಆಗಬೇಕು. ಒಳಗಿನ ಕುದ್ರುಗಳಿಗೆ, ಹೊಳೆ ಕಿರಿದಾಗುವ ಕಡೆಗಳಿಗೆ ಸೇತುವೆ ಸಾಕು.

ನನ್ನ ಭಾವ ಇದನ್ನು ಕೇಳಿ ನಕ್ಕ. “ಸೈಕಲ್ಲಿಗೆಂದು ಕಟ್ಟಿದರೆ ಮಾರನೇ ದಿನ ಬೈಕಿನವರು ನುಗ್ಗುತ್ತಾರೆ.” ನುಗ್ಗಲಿ ಬಿಡಿ. ಇಲ್ಲೂ ಸಣ್ಣ ಸ್ಕೂಟರುಗಳು ಸೈಕಲ್ ದಾರಿಯಲ್ಲೇ ಓಡುತ್ತಿದ್ದವು, ಅವುಗಳಲ್ಲಿ ಬಹುಪಾಲನ್ನು ಆಮ್ಸ್ಟರ್‌ಡಾಮ್ ರಸ್ತೆಗೆ ಇಳಿಸಿದ್ದು 2019ರಲ್ಲಿ. ಶಾಲೆಯ ಮಕ್ಕಳು, ಮೀನು ಬುಟ್ಟಿಯವರು, ಬೈಕಿನವರು ಎಲ್ಲರೂ ದಾಟಲಿ, ಲಾರಿ ಬಾರದಿದ್ದರಾಯಿತು. ಮಳೆಗಾಲದಲ್ಲಿ ಅಳಿವೆ ದಾಟುವ ಮಾತು ಬೇಡ, ಅದನ್ನು ಅವನು ಹೇಳಿದಾಗ ನಾನೂ ಒಪ್ಪಿದೆ. ಉಳಿದ ತಿಂಗಳುಗಳಿಗೆ ಬೆಂಗ್ರೆಯ ಕಟ್ಟೆಯ ಮೇಲೆ ದೋಣಿಯ ವೇಳಾಪಟ್ಟಿ ಬರೆದ ಒಂದು ಹಲಗೆ ನೆಟ್ಟರೆ ಸೈಕಲ್ಲಿನವರು ತಾವಾಗಿಯೇ ಬರುತ್ತಾರೆ.