ಕಂಪನಿ ಸೀಲ್ಡ್ ಇಂಜಿನ್ನು

ನಮ್ ಚಿಕ್ಕಪ್ಪ ಅವರ ಗಾಡಿ ಬಗ್ಗೆ ಯಾವಾಗ್ಲೂ ಮೂರು ಮಾತು ಹೇಳೋರು. ನಾನು ಯಾವತ್ತೂ ಬಿದ್ದಿಲ್ಲ, ಇಂಜಿನ್ ಕಂಪನಿ ಸೀಲ್ಡು ಯಾರೂ ಕೈ ಇಟ್ಟಿಲ್ಲ, ಶಿರಾಡಿ ಘಾಟೀಲಿ ನಿಂತಿದ್ದು ಕಲಬೆರಕೆ ಪೆಟ್ರೋಲಿಂದ. ಮೂರನೇದನ್ನ ಚಿಕ್ಕಮ್ಮ ಕೇಳಿಸ್ಕೊಳ್ಳೋ ದೂರದಲ್ಲಿದ್ರೆ ಸ್ವಲ್ಪ ಜೋರಾಗೇ ಹೇಳೋರು, ಯಾಕಂದ್ರೆ ಮದುವೆಯಾದ ಹೊಸತರಲ್ಲಿ ಧರ್ಮಸ್ಥಳಕ್ಕೆ ಹೋಗ್ತಾ ಆ ಘಾಟೀಲಿ ರೇಷ್ಮೆ ಸೀರೆ ಉಟ್ಕೊಂಡು ಮುಕ್ಕಾಲು ಗಂಟೆ ಕಲ್ಲಿನ ಮೇಲೆ ಕೂತಿದ್ದು ಅವರೇ.

ಗಾಡಿ ಅಂದ್ರೆ ರಾಜ್‌ದೂತ್ 350, ನಮ್ ಹುಡುಗರು ಭಯಭಕ್ತಿಯಿಂದ ಆರ್‌ಡಿ ಅಂತಾರಲ್ಲ ಅದು. ಹಾಲಿನ ಕ್ಯಾನ್ ಹೊರೋ ರಾಜ್‌ದೂತಿಗೂ ಇದಕ್ಕೂ ಹೆಸರು, ಮಾಡೋ ಕಂಪನಿ ಬಿಟ್ರೆ ಏನೂ ಸಂಬಂಧ ಇಲ್ಲ, ಇದು ಯಮಹಾದವರ ಗಾಡಿ, 1983ರಿಂದ ಫರಿದಾಬಾದಲ್ಲಿ ಎಸ್ಕಾರ್ಟ್ಸ್‌ನೋರು ಮಾಡ್ತಿದ್ರು, ಎರಡು ಸಿಲಿಂಡರು, ಆರು ಗೇರು, ಬುಲೆಟ್ಟು 18 ಹಾರ್ಸ್‌ಪವರಲ್ಲಿ ಡುಗುಡುಗು ಅಂತಿದ್ದ ಕಾಲಕ್ಕೆ ಇದರ ಹೈ ಟಾರ್ಕ್ ಮಾಡೆಲ್ಲಲ್ಲಿ 30. ಜಪಾನಿನ ಗಾಡಿಗೆ ಮುಂದೆ ಡಿಸ್ಕ್ ಬ್ರೇಕ್ ಇತ್ತು, ನಮಗೆ ಬಂದಿದ್ದಕ್ಕೆ ಡ್ರಮ್ಮು, ಅಂದ್ರೆ ಓಡೋದು ಯಮಹಾ, ನಿಲ್ಲೋದು ಮಂಜುನಾಥಸ್ವಾಮಿ ದಯೆ. ಮೈಲೇಜ್ ವಿಚಾರ ಎತ್ತಬೇಡಿ. ಅದರಿಂದ್ಲೇ ಕೊನೆಗೆ ಅದು ಕೊಟ್ಟಿಗೆ ಸೇರಿದ್ದು, ಇಪ್ಪತ್ತೈದು ವರ್ಷದ ಮೇಲೆ ಹುಲ್ಲಿನ ಹೊರೆ ಪಕ್ಕ ನಿಂತಿತ್ತು, ಸೀಟಿನ ಸ್ಪಂಜು ಇಲಿ ಪಾಲು, ಒಂದು ಸೈಲೆನ್ಸರ್ ತುಂಬಾ ಕಣಜ ಮಣ್ಣಿನ ಗೂಡು ಕಟ್ಟಿತ್ತು, ಟ್ಯಾಂಕ್ ಮೇಲೆ ಕೋಳಿ ಮಲಗ್ತಿತ್ತು ಅನ್ನೋದಕ್ಕೆ ಸಾಕ್ಷಿ ಬೇಕಾದಷ್ಟಿತ್ತು. ನಾನು ಬೆಂಗಳೂರಿಂದ ಹದಿನೈದು ದಿನಕ್ಕೊಂದ್ಸಲ ಶನಿವಾರ ರಾತ್ರಿ ಬಸ್ಸು ಹತ್ತಿ ಹಾಸನಕ್ಕೆ ಬಂದು, ಭಾನುವಾರ ಪೂರ್ತಿ ಅಂಗಳದಲ್ಲಿ ಗೋಣಿತಾಟು ಹಾಸ್ಕೊಂಡು ಬಿಚ್ಚೋಕೆ ಶುರು ಮಾಡ್ದೆ. ಚಿಕ್ಕಪ್ಪ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಮೇಲ್ವಿಚಾರಣೆ.

ಮೊದಲು ಸಿಕ್ಕಿಬಿದ್ದಿದ್ದು ಮೊದಲನೇ ಮಾತು. ಹೆಡ್‌ಲೈಟ್ ಬ್ರಾಕೆಟ್ ಬಿಚ್ಚಿದ್ರೆ ಹಿಂದುಗಡೆ ಗ್ಯಾಸ್ ವೆಲ್ಡಿಂಗ್ ಉಂಡೆ, ಬಲಗಡೆ ಫುಟ್‌ರೆಸ್ಟ್ ತುದಿ ಪೆನ್ಸಿಲ್ ಥರ ಸವೆದಿದೆ, ಹ್ಯಾಂಡಲ್ಲು ಪಟ್ಟಾಗಿ ನಿಲ್ಸಿದ್ರೂ ಸ್ವಲ್ಪ ತೋಟದ ಕಡೆಗೇ ನೋಡ್ತದೆ. ನಾನೇನೂ ಕೇಳ್ಲಿಲ್ಲ, ಬ್ರಾಕೆಟ್ ಎತ್ತಿ ತೋರಿಸ್ದೆ ಅಷ್ಟೆ. "ಅದು ಹಸು ತಳ್ಳಿದ್ದು ಕಣೋ" ಅಂದ್ರು. ವೆಲ್ಡಿಂಗ್ ಮಾಡ್ಸಿದ್ದೂ ಹಸುನೇನಾ ಅಂತ ಕೇಳೋ ಆಸೆ ನಾಲಿಗೆ ತುದಿವರೆಗೂ ಬಂತು, ಆದ್ರೆ ಗಾಡಿ ಇನ್ನೂ ಅವರ ಹೆಸರಲ್ಲೇ ಇದೆ.

ಇಂಜಿನ್ ಪಕ್ಕದ ಕವರಿನ ಸ್ಕ್ರೂಗಳ ಬಗ್ಗೆ ಒಂದು ಮಾತು ಹೇಳ್ಲೇಬೇಕು. ನೋಡೋಕೆ ನಮ್ ಮಾಮೂಲಿ ಪ್ಲಸ್ ಸ್ಕ್ರೂನೇ, ಆದ್ರೆ ಅಲ್ಲ, ಜಪಾನಿನ ಸ್ಕ್ರೂ ತಲೇಲಿರೋ ಪ್ಲಸ್ ಗೀರಿನ ಅಳತೆನೇ ಬೇರೆ, ನಮ್ ಸ್ಟಾರ್ ಸ್ಕ್ರೂಡ್ರೈವರ್ ಅದರ ತಳಕ್ಕೆ ಮುಟ್ಟೋದೇ ಇಲ್ಲ, ಜೋರು ಕೊಟ್ರೆ ಮೇಲಕ್ಕೆ ಜಾರಿ ತಲೆ ತಿರುವ್ಕೊಂಡು ಹೋಗತ್ತೆ, ಎರಡು ಸಲ ಜಾರಿದ್ರೆ ಪ್ಲಸ್ ಅನ್ನೋದು ಗುಂಡಿ ಆಗ್ಬಿಡತ್ತೆ. ಅದಕ್ಕೆ ಸರಿಯಾದ ಬಿಟ್ಟು, ಇಂಪ್ಯಾಕ್ಟ್ ಡ್ರೈವರು ತರಿಸಿ, ಸುತ್ತಿಗೇಲಿ ಒಂದೇ ಏಟು, ಟಕ್ ಅಂತ ಬಿಡತ್ತೆ, ಆ ಸದ್ದು ಕೇಳೋಕೇ ಬಿಚ್ಚಬೇಕು ಅನ್ಸತ್ತೆ. ಆದ್ರೆ ಎಡಗಡೆ ಕವರಲ್ಲಿ ನಾಲ್ಕು ಸ್ಕ್ರೂಗೆ ಆಗ್ಲೇ ಗುಂಡಿ ಬಿದ್ದು, ಪಕ್ಕದಲ್ಲಿ ಉಳಿ ಇಟ್ಟು ಹೊಡೆದ ಗಾಯ. ಕಂಪನಿ ಸೀಲ್ಡು. ಚಿಕ್ಕಪ್ಪ ಆಗ ಪೇಪರ್ ಓದ್ತಿದ್ರು, ಹಿಂದಿನ ದಿನದ್ದು.

ಕಾರ್ಬುರೇಟರಿಗೂ ಸಿಲಿಂಡರಿಗೂ ಮಧ್ಯ ರೀಡ್ ವಾಲ್ವ್ ಅಂತ ಇರತ್ತೆ, ಅದನ್ನ ಕೈಯಲ್ಲಿ ಹಿಡಿದಾಗ ಅರ್ಧ ಗಂಟೆ ಕೆಲಸ ನಿಂತೋಯ್ತು. ತೆಳ್ಳನೆ ಸ್ಟೀಲ್ ಎಲೆಗಳು, ಪಿಸ್ಟನ್ ಮೇಲಕ್ಕೆ ಹೋಗಿ ಎಳೆದಾಗ ಬಾಯಿ ಬಿಟ್ಟು ಪೆಟ್ರೋಲು ಗಾಳಿ ಒಳಗೆ ಬಿಡತ್ತೆ, ಕೆಳಕ್ಕೆ ಬಂದಾಗ ಮುಚ್ಚಿಕೊಳ್ಳತ್ತೆ, ಭಜನೆ ಮನೆ ಹಾರ್ಮೋನಿಯಮ್ಮಲ್ಲಿರೋ ರೀಡಿನ ದೂರದ ನೆಂಟ ಅನ್ಕೊಳ್ಳಿ. ಮಜಾ ಅಂದ್ರೆ ಯಮಹಾ ಅನ್ನೋ ಮನುಷ್ಯ, ತೊರಾಕುಸು ಯಮಹಾ, 1887ರಲ್ಲಿ ಹಮಾಮತ್ಸು ಅನ್ನೋ ಊರಿನ ಸ್ಕೂಲಲ್ಲಿ ಕೆಟ್ಟು ಕೂತಿದ್ದ ರೀಡ್ ಆರ್ಗನ್ ಒಂದನ್ನ ಬಿಚ್ಚಿ ರಿಪೇರಿ ಮಾಡಿದ್ರಿಂದ್ಲೇ ಆ ಕಂಪನಿ ಶುರುವಾಗಿದ್ದು, ಬೈಕ್ ಕಂಪನಿ ಆಗಿದ್ದು 1955ರಲ್ಲಿ, ಇವತ್ತಿಗೂ ಯಮಹಾ ಟ್ಯಾಂಕ್ ಮೇಲಿನ ಗುರುತು ನೋಡಿ, ಮೂರು ಶ್ರುತಿಕವೆ. ಇದನ್ನ ಚಿಕ್ಕಪ್ಪಂಗೆ ಹೇಳಿದ್ರೆ, "ಅವನೂ ನಿನ್ ಥರಾನೇ ಬೇರೆಯವರ ಸಾಮಾನು ಬಿಚ್ಚಿದ್ನಾ" ಅಂದ್ರು.

ಕಾರ್ಬುರೇಟರಿನ ಹಿತ್ತಾಳೆ ಜೆಟ್ಟುಗಳು ಹಸಿರು ಕಿಲುಬು ಹಿಡಿದು ಕೂತಿದ್ವು. ನಾನು ಯಾವ್ದೋ ಸ್ಪ್ರೇ ಆರ್ಡರ್ ಮಾಡೋಣ ಅಂತ ಫೋನ್ ಕೆದಕ್ತಿದ್ರೆ ಚಿಕ್ಕಮ್ಮ ಬಂದು ನೋಡಿ, ಹಿತ್ತಾಳೆಗೆ ಸ್ಪ್ರೇ ಯಾಕೋ ಅಂತ ಒಳಗೆ ಹೋಗಿ ಹುಣಸೆಹಣ್ಣು ಕಿವುಚ್ಕೊಂಡು ಬಂದ್ರು, ದೀಪದ ಕಂಬ ತೊಳೆದ ಹಾಗೆ ಎಲ್ಲಾ ತೊಳೆದು ಬಟ್ಟೆ ಮೇಲೆ ಸಾಲಾಗಿ ಇಟ್ರು. ತೂತು ಮಾತ್ರ ನಾನು ವೈರಿನ ಒಂದೇ ಎಳೆ ಹಾಕಿ ಬಿಡಿಸ್ದೆ. ತೊಳೀತಾ ತೊಳೀತಾ ಅವರು ಮತ್ತೆ ಆ ಪೆಟ್ರೋಲ್ ಬಂಕಿನೋನಿಗೆ ಶಾಪ ಹಾಕಿದ್ರು, ಹೊಸ ಸೀರೆ, ಮಳೆ ಬೇರೆ, ಅವನ ಮನೆ ಹಾಳಾಗ.

ಪಿಸ್ಟನ್ನು ಎರಡೂ ಜಾಮ್. ಪ್ಲಗ್ ತೂತಲ್ಲಿ ಡೀಸೆಲ್ಲು ಸೀಮೆಎಣ್ಣೆ ಸೇರಿಸಿ ಹುಯ್ದು ಹದಿನೈದು ದಿನ ಬಿಟ್ಟು ಬಂದೆ, ಅಲುಗ್ಲಿಲ್ಲ, ಇನ್ನೊಂದು ಹದಿನೈದು ದಿನ. ಆಮೇಲೆ ಮರದ ತುಂಡು ಇಟ್ಟು ಮೆತ್ತಗೆ ತಟ್ಟಿದ್ಮೇಲೆ ಮೊದಲು ಬಲಗಡೆದು, ಸಂಜೆ ಹೊತ್ತಿಗೆ ಎಡಗಡೆದು, ಬೋರು, ಅಂದ್ರೆ ಪಿಸ್ಟನ್ ಓಡಾಡೋ ಸಿಲಿಂಡರು, ಮೇಲಕ್ಕೆ ಬಂತು. ಪಿಸ್ಟನ್ ತಲೆ ಮೇಲೆ ಕರೀ ಕಾರ್ಬನ್ನು ಸೀದ ಅನ್ನದ ಥರ, ಕೆರೆದೆ. ಬಲಗಡೆ ಪಿಸ್ಟನ್ ಮೇಲೆ ಓವರ್‌ಸೈಜ್ ನಂಬರ್ ಏನಿಲ್ಲ, ಸ್ಟ್ಯಾಂಡರ್ಡು. ಎಡಗಡೆದರ ಮೇಲೆ ನೀಟಾಗಿ 50. ಅಂದ್ರೆ ಅರ್ಧ ಮಿಲಿಮೀಟರ್ ಓವರ್‌ಸೈಜು, ಅಂದ್ರೆ ಆ ಒಂದು ಬೋರನ್ನ ಯಾರೋ ಬಿಚ್ಚಿ, ಲೇತಿಗೆ ಕೊಟ್ಟು, ಕೊರೆಸಿ, ಹೊಸ ಪಿಸ್ಟನ್ ಹಾಕಿದಾರೆ, ಹಾಗೆ ಒಂದನ್ನೇ ಕೊರೆಸೋದು ಹೆಚ್ಚಾಗಿ ಪಿಸ್ಟನ್ನು ಸೀಜ್ ಆಗಿ, ಅಂದ್ರೆ ಒಣಗಿ ಬಿಸಿಯಾಗಿ ಕಚ್ಕೊಂಡು, ಬೋರು ಗೀರಿದ್ರೆ. ಈ ಗಾಡಿಗೆ ಪೆಟ್ರೋಲಲ್ಲಿ ಆಯಿಲ್ ಬೆರೆಸೋ ಹಾಗಿಲ್ಲ, ಆಯಿಲ್ಲಿಗೆ ಬೇರೆ ಡಬ್ಬಿ, ಬೇರೆ ಪಂಪು, ಆಕ್ಸಿಲರೇಟರ್ ತಿರುವಿದಷ್ಟು ಅದೇ ಹಾಕ್ಕೊಳ್ಳತ್ತೆ. ಡಬ್ಬೀಲಿ ಇದ್ರೆ.

ನಾನು ಪಿಸ್ಟನ್ ತಿರುಗಿಸಿ ಅವರ ಕಡೆ ಹಿಡಿದೆ. ಚಿಕ್ಕಪ್ಪ ಕನ್ನಡಕ ಹಾಕ್ಕೊಂಡ್ರು, ತೆಗೆದ್ರು, ಕುರ್ಚಿ ಸ್ವಲ್ಪ ಹತ್ರ ಎಳ್ಕೊಂಡ್ರು.

"ಸಕಲೇಶಪುರದಲ್ಲೇ ಆಯಿಲ್ ನೋಡ್ಬೇಕಿತ್ತು" ಅಂದ್ರು, ತುಂಬಾ ಮೆಲ್ಲಗೆ. "ಹೊಸದಾಗಿ ಮದುವೆ ಆಗಿತ್ತು, ನೆನಪಾಗ್ಲಿಲ್ಲ."

ಅಷ್ಟರಲ್ಲಿ ಚಿಕ್ಕಮ್ಮ ಕಾಫಿ ಲೋಟ ಹಿಡ್ಕೊಂಡು ಹೊಸಿಲು ದಾಟ್ತಾ ಇದ್ರು. ಚಿಕ್ಕಪ್ಪ ನನ್ ಕೈಯಿಂದ ಪಿಸ್ಟನ್ ತಗೊಂಡು, 50 ಇದ್ದ ಕಡೆ ಕೆಳಗೆ ಬರೋ ಹಾಗೆ ಗೋಣಿತಾಟಿನ ಮೇಲೆ ಬೋರಲು ಇಟ್ಟು, ಜೋರಾಗಿ ಕೇಳಿದ್ರು, "ಏನೋ, ಟ್ಯಾಂಕಲ್ಲಿ ಇನ್ನೂ ಆ ಕಲಬೆರಕೆ ಪೆಟ್ರೋಲ್ ವಾಸನೆ ಇದೆಯೇನೋ?"

ಇದೆ ಚಿಕ್ಕಪ್ಪ, ಅಂದೆ.