ನೀಲಿ ತಂತಿ

ಎಡಗಡೆ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟು ಯಾಕೆ ಮಿಣಮಿಣ ಅನ್ನಬೇಕು? ತಪಾಸಣೆ ಮಾಡುವವರೂ ನನ್ನನ್ನು ಇದನ್ನೇ ಕೇಳಿದರು. ನನಗೇನು ಗೊತ್ತು? ಪಾಸಾಯಿತು ಅನ್ನುವ ಸ್ಟಿಕ್ಕರ್ ಕೊಡದೆ ವಾಪಸ್ ಕಳಿಸಿದರು.

ಇದು ಗ್ಲೈಡರ್ ಸಾಗಿಸುವ ಟ್ರೇಲರ್. ಜರ್ಮನಿಗೆ ಬಂದಮೇಲೆ ಇಂಜಿನ್ ಇಲ್ಲದ ವಿಮಾನ ಹಾರಿಸುವ ಆಸೆಯಿಂದ ಕ್ಲಬ್ ಸೇರಿದೆ. ಚಳಿಗಾಲವಿಡೀ ರಿಪೇರಿ ಕೆಲಸ ಸದಸ್ಯರದ್ದೇ ಅಂತ ಸೇರುವಾಗ ಯಾರೂ ಜೋರಾಗಿ ಹೇಳಲಿಲ್ಲ. ನಮ್ಮ ಎಎಸ್‌ಕೆ 21 ಅನ್ನುವ ಗ್ಲೈಡರಿನ ರೆಕ್ಕೆ ತುದಿಯಿಂದ ತುದಿಗೆ 17 ಮೀಟರ್. ಅದನ್ನು ಎರಡಾಗಿ ಬಿಚ್ಚಿ ಟ್ರೇಲರಿನೊಳಗೆ ತಳ್ಳಿ, ಕಾರಿಗೆ ಕಟ್ಟಿಕೊಂಡು ಹೋಗಬೇಕು. ಈ ಉದ್ದನೆಯ ಡಬ್ಬಕ್ಕೂ ಎರಡು ವರ್ಷಕ್ಕೊಮ್ಮೆ ಪರೀಕ್ಷೆ.

ಟೈರಿನ ಕಥೆ ಬೇಗ ಮುಗಿಯಿತು. ಹಲ್ಲು ಹೊಸದರ ಹಾಗೇ ಇತ್ತು, ಪಕ್ಕದಲ್ಲಿ ಮಾತ್ರ ಬಿರುಕು. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದಲ್ಲ, ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಅದನ್ನು ಓದಿ ಎಲ್ಲರೂ ಸುಮ್ಮನಾದೆವು. ಹೊಸದು ತಂದೆವು.

ತಂತಿಯ ಕಥೆ ಹಾಗಲ್ಲ. ಟ್ರೇಲರ್ ವೈರಿಂಗಿಗೆ ಬಣ್ಣದ ಲೆಕ್ಕ ಇದೆ. ಹಳದಿ ಎಡ ಇಂಡಿಕೇಟರ್, ಹಸಿರು ಬಲ, ಕೆಂಪು ಬ್ರೇಕ್, ಬಿಳಿ ಅರ್ಥಿಂಗ್. ಕವಚ ಬಿಚ್ಚಿ ನೋಡಿದರೆ ಒಳಗೆ ಬರೀ ನೀಲಿ! ನಮ್ಮ ಕ್ಲಬ್ಬಿನಲ್ಲಿ ಒಬ್ಬರು ಹಿರಿಯರಿದ್ದಾರೆ, ಮನಸ್ಸಿನಲ್ಲೇ ಅವರಿಗೆ ನೀಲಿ ತಾತ ಅಂತ ಹೆಸರಿಟ್ಟಿದ್ದೇನೆ. ಯಾವುದೋ ಕಾಲದಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಒಂದು ದೊಡ್ಡ ಸುರುಳಿ ನೀಲಿ ತಂತಿ ತಂದಿದ್ದಾರೆ. ಅಂದಿನಿಂದ ಕಿತ್ತುಹೋದದ್ದಕ್ಕೆಲ್ಲ ಅದೇ ಮದ್ದು. ನೀಲಿಗೆ ನೀಲಿ, ಮೇಲೊಂದು ಕಪ್ಪು ಟೇಪು.

"ಇದರಲ್ಲಿ ಬ್ರೇಕಿನದು ಯಾವುದು?" ಅಂತ ಕೇಳಿದೆ.

"ಮಧ್ಯದ್ದು," ಅಂದರು.

ಅಲ್ಲಿದ್ದದ್ದು ಆರು ತಂತಿ. ಮಧ್ಯದ್ದು ಅಂತ ಯಾವುದನ್ನು ಹಿಡಿಯಲಿ? ಹಳೇ ಮನೆಯ ಸ್ವಿಚ್‌ಬೋರ್ಡ್ ಹಾಗೆ, ಯಾವುದು ಯಾವುದಕ್ಕೆ ಅಂತ ಹಾಕಿದವರಿಗೆ ಮಾತ್ರ ಗೊತ್ತು. ಇಲ್ಲಿ ಹಾಕಿದವರಿಗೂ ಮರೆತಿತ್ತು. ನಾನು ಒಂದೊಂದನ್ನೇ ಎಳೆದು ನೋಡುತ್ತಿದ್ದರೆ ಅವರು ಸ್ಟೂಲ್ ಹಾಕಿಕೊಂಡು ಕೂತು, "ಹೋದ ಸಲ ಸರಿಯಿತ್ತು" ಅನ್ನುತ್ತಿದ್ದರು. ಟೇಪು ಬಿಚ್ಚಿದಾಗಲೆಲ್ಲ, "ಅದನ್ನ ಯಾಕೆ ಬಿಚ್ತೀಯ, ಗಟ್ಟಿ ಇತ್ತಲ್ಲ!" ಅಂತ ಬೇಜಾರು ಬೇರೆ. ಗಟ್ಟಿ ಇದ್ದದ್ದು ಟೇಪು, ಸ್ವಾಮಿ.

ಕಡೆಗೆ ಕಳ್ಳ ಸಿಕ್ಕಿದ್ದು ಅರ್ಥಿಂಗಿನಲ್ಲಿ. ಚಾಸಿಗೆ ಕೂರಿಸಿದ ಬೋಲ್ಟು ತುಕ್ಕು ಹಿಡಿದಿತ್ತು. ವಾಪಸ್ ಹೋಗಲು ದಾರಿ ಕಾಣದ ಕರೆಂಟು ಪಕ್ಕದ ಬಲ್ಬುಗಳಲ್ಲಿ ನುಸುಳುತ್ತಿತ್ತು. ಉಪ್ಪುಕಾಗದದಲ್ಲಿ ತಿಕ್ಕಿದೆ, ಸರಿಹೋಯಿತು. ಆದರೂ ತಂತಿಯನ್ನೆಲ್ಲ ಬಣ್ಣದ ಪ್ರಕಾರ ಬದಲಾಯಿಸಿಯೇ ಎದ್ದೆ. ಹಟ, ಅಷ್ಟೇ.

ಬೈಯುತ್ತೇನೆ ನಿಜ. ಆದರೆ ಮೇಲೇಳುವ ಗಾಳಿ ಸಿಗದೆ ಯಾರದ್ದೋ ಹೊಲದಲ್ಲಿ ಇಳಿದಾಗ ಕರೆದುಕೊಂಡು ಹೋಗಲು ಬರುವುದು ಇದೇ ಡಬ್ಬ. ಕತ್ತಲಾಗುತ್ತಾ ಬಂದಿರುತ್ತದೆ, ಹೊಲದ ಯಜಮಾನ ಕಾಫಿ ಕೊಟ್ಟು ಒಳಗೆ ಹೋಗಿರುತ್ತಾನೆ. ಆಗ ರಸ್ತೆ ತಿರುವಿನಲ್ಲಿ ಎಡ ಇಂಡಿಕೇಟರಿನ ಜೊತೆ ಬ್ರೇಕ್ ಲೈಟೂ ಮಿಣುಕಿದರೆ ನಮ್ಮವರೇ ಅಂತ ಗೊತ್ತಾಗುತ್ತಿತ್ತು. ಇನ್ನು ಆ ಗುರುತೂ ಇಲ್ಲ.

ಮೊನ್ನೆ ಸ್ಟಿಕ್ಕರ್ ಸಿಕ್ಕಿತು. ಕಿತ್ತ ನೀಲಿ ತಂತಿಯನ್ನು ಕಸಕ್ಕೆ ಹಾಕಲು ಹೋದರೆ ತಾತ ಕೈಯಿಂದ ಕಿತ್ತುಕೊಂಡು, ಟೇಪಿನ ಅಂಟು ಒರೆಸಿ, ನೀಟಾಗಿ ಸುತ್ತಿ ಜೇಬಿಗೆ ಹಾಕಿಕೊಂಡರು. ಮುಂದಿನ ತಿಂಗಳು ಇನ್ನೊಂದು ಟ್ರೇಲರಿನ ತಪಾಸಣೆ ಇದೆಯಂತೆ.