ಮಗುವಿನ ಮನಸ್ಸಿನ ಚಿಕಿತ್ಸೆಗೆ ಘಟ್ಟ ಹತ್ತಲೇಬೇಕೇ?

ಬುದ್ಧಿಮಾಂದ್ಯತೆ ಇರುವ ಮಕ್ಕಳಿಗೆ ಮನೋರೋಗವೂ ಬರಬಹುದು ಎಂಬ ಸಂಗತಿ ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ, ಕೆಲವೊಮ್ಮೆ ದವಾಖಾನೆಗಳಿಗೂ, ಇನ್ನೂ ಮುಟ್ಟಿಲ್ಲ. ಅಂಗಳದಲ್ಲಿ ನಗುನಗುತ್ತ ಆಡಿಕೊಂಡಿದ್ದ ಹುಡುಗ ಇದ್ದಕ್ಕಿದ್ದಂತೆ ಊಟ ಬಿಟ್ಟು, ರಾತ್ರಿಯಿಡೀ ಎಚ್ಚರವಿದ್ದು, ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳತೊಡಗಿದರೂ ‘ಅವನು ಹುಟ್ಟಿದ್ದೇ ಹಾಗಲ್ಲವೇ’ ಎಂಬ ಒಂದೇ ಮಾತಿನಲ್ಲಿ ವಿಚಾರಣೆ ಮುಗಿಯುತ್ತದೆ. ಗಾಳಿ ಸೋಕಿರಬೇಕು, ಹರಕೆ ಹೇಳಿಕೊಳ್ಳಿ ಎನ್ನುವವರೂ ಇದ್ದಾರೆ. ಹರಕೆಯನ್ನು ನಾನು ಹಳಿಯುವುದಿಲ್ಲ, ಅದು ತಾಯಿಗೆ ಧೈರ್ಯ ಕೊಡುತ್ತದೆ. ಆದರೆ ಅದರ ನೆಪದಲ್ಲಿ ವೈದ್ಯರನ್ನು ಕಾಣುವುದು ಒಂದು ಮಳೆಗಾಲ ಮುಂದಕ್ಕೆ ಹೋಗಬಾರದು.

ನಡವಳಿಕೆ ಏಕಾಏಕಿ ಬದಲಾದರೆ ಕಾರಣ ಹುಡುಕಲೇಬೇಕು. ಮಾತು ಬಾರದ ಮಗುವಿನಲ್ಲಿ ಹಲ್ಲುನೋವು, ಕಿವಿಯ ಸೋಂಕು, ಮಲಬದ್ಧತೆಗಳೇ ಸಿಟ್ಟಾಗಿ ಹೊರಬರಬಹುದು. ಹುಟ್ಟಿನಿಂದಲೇ ಒಂದು ವರ್ಣತಂತು ಹೆಚ್ಚಾಗಿರುವ, ಅಂದರೆ ಡೌನ್ ಸಿಂಡ್ರೋಮ್ ಇರುವ ಮಗು ಥೈರಾಯ್ಡ್ ಹಾರ್ಮೋನಿನ ಕೊರತೆಯಿಂದ ಮಂಕಾಗಿರಬಹುದು. ಫಿಟ್ಸಿಗೆ ಕೊಡುವ ಲೆವಿಟಿರಾಸಿಟಮ್ ಕೆಲವು ಮಕ್ಕಳಲ್ಲಿ ಸಿಡುಕು ಹೆಚ್ಚಿಸುತ್ತದೆ. ಹಾಗೆಂದು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸುವುದು ಅಪಾಯ. ಯಾರಾದರೂ ಮಗುವನ್ನು ಹಿಂಸಿಸುತ್ತಿದ್ದಾರೆಯೇ ಎಂಬ ಕಹಿ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಖಿನ್ನತೆ, ಆತಂಕಗಳು ಈ ಮಕ್ಕಳಲ್ಲೂ ಇರುತ್ತವೆ ಮತ್ತು ಅವಕ್ಕೆ ಚಿಕಿತ್ಸೆ ಇದೆ. ನಿದ್ದೆ, ಊಟ, ಫಿಟ್ಸ್ ಬಂದ ದಿನ, ಕೊಡುತ್ತಿರುವ ಔಷಧಿ ಇವನ್ನು ಬರೆದಿಟ್ಟು, ಮೊಬೈಲಿನಲ್ಲಿ ಚಿಕ್ಕ ವಿಡಿಯೊ ಮಾಡಿಕೊಂಡು ಹೋದರೆ ವೈದ್ಯರಿಗೆ ಬಹಳ ಅನುಕೂಲ.

ಆದರೆ ಹೋಗುವುದೆಲ್ಲಿಗೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬುದ್ಧಿಮಾಂದ್ಯತೆಯನ್ನೇ ಮನೋರೋಗವೆಂದು ಎಣಿಸುವುದಿಲ್ಲ, ಅದು ಸರಿಯೇ. ಆದರೆ ಅಂಥ ಮಗುವಿಗೆ ಮನೋರೋಗ ಬಂದಾಗ ಚಿಕಿತ್ಸೆ ಪಡೆಯಲು ಎಲ್ಲರಿಗಿರುವ ಹಕ್ಕು ಅದಕ್ಕೂ ಇದೆ. ಮಕ್ಕಳೂ ಸೇರಿದಂತೆ ಯಾರೂ ಚಿಕಿತ್ಸೆಗಾಗಿ ದೂರ ಅಲೆಯುವಂತಾಗಬಾರದು ಎಂದು ಅದೇ ಕಾಯ್ದೆಯ 18ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಹೀಗಿದ್ದೂ ಕಾರವಾರ, ಅಂಕೋಲೆಯ ಪಾಲಕರು ಬಸ್ಸಿನ ಸದ್ದಿಗೇ ಬೆಚ್ಚುವ ಮಗುವನ್ನು ಅವಚಿಕೊಂಡು ಅರಬೈಲ್ ಘಟ್ಟ ಹತ್ತಿ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ, ಇಲ್ಲವೇ ಇನ್ನೂ ದೂರದ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುತ್ತಾರೆ. 2024ರ ಜುಲೈನಲ್ಲಿ ಅಂಕೋಲೆ ತಾಲ್ಲೂಕಿನ ಶಿರೂರು ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿದಾಗ ಮಾತ್ರೆ ಮುಗಿದವರ ಪಾಡನ್ನು ಊಹಿಸಿಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿದರೆ ಉಚಿತವಾಗಿ, ಕನ್ನಡದಲ್ಲೇ ಸಲಹೆ ಸಿಗುತ್ತದೆ, ದಣಿದ ತಾಯಂದಿರು ತಮಗಾಗಿಯೂ ಅದನ್ನು ಬಳಸಿಕೊಳ್ಳಬೇಕು. ಆದರೆ ಮಗುವಿನ ಕಿವಿ, ಬಾಯಿ, ಹೊಟ್ಟೆಯನ್ನು ಫೋನಿನಲ್ಲಿ ಪರೀಕ್ಷಿಸಲಾಗದು.

ಆಸ್ಪತ್ರೆಯ ತಪಾಸಣೆಯ ನಂತರ ಸಿಗುವ ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡು ಕೈಸೇರಿದೊಡನೆ ಇಂಥ ಎಷ್ಟೋ ಮಕ್ಕಳಿಗೂ ಆಸ್ಪತ್ರೆಗೂ ಇರುವ ನಂಟು ಕಡಿಯುತ್ತದೆ. ಹಾಗಾಗದಂತೆ, ಮಕ್ಕಳ ಮನೋವೈದ್ಯರೂ ಮನಶ್ಶಾಸ್ತ್ರಜ್ಞರೂ ತಿಂಗಳಲ್ಲಿ ಗೊತ್ತಾದ ದಿನಗಳಂದು ಕಾರವಾರ ಮತ್ತು ಶಿರಸಿಯಲ್ಲಿ ಸಿಗಬೇಕು, ಔಷಧಿ ತಾಲ್ಲೂಕು ಆಸ್ಪತ್ರೆಯಲ್ಲೇ ದೊರೆಯಬೇಕು, ಸಾಲಿನಲ್ಲಿ ತಾಸುಗಟ್ಟಲೆ ಕೂರಲಾರದ ಈ ಮಕ್ಕಳನ್ನು ಮೊದಲು ಒಳಗೆ ಕರೆಯಬೇಕು. ಜಿಲ್ಲಾಡಳಿತದ ಮುಂದೆ ಈ ಬೇಡಿಕೆಯನ್ನು ಪಾಲಕರ ಜೊತೆಗೆ ನಾವೂ ಇಡೋಣ.